ಮೈಮೇಲೆ ಬಾರದ ಮಾರಮ್ಮ

ರತ್ನಾ, ಆವತ್ತು ನನ್ನ ಮೈಮೇಲೆ ಮಾರಮ್ಮ ಬಂದಿರಲಿಲ್ಲ. ಕುಣಿದವಳು ನಾನೇ, ಮಾತಾಡಿದವಳೂ ನಾನೇ.

ಇದನ್ನು ಎದುರಿಗೆ ಕೂತು ಹೇಳಬೇಕಿತ್ತು. ಆದರೆ ಎದುರಿಗಿದ್ದರೆ ನೀನು ಕಾಫಿ ಕೊಡುತ್ತೀಯ. ನಿನ್ನ ಕಾಫಿ ಕುಡಿದ ಬಾಯಲ್ಲಿ ಇಂಥ ಮಾತು ಹೊರಡುವುದಿಲ್ಲ. ಎಷ್ಟೋ ಸಲ ಹೇಳಲು ನೋಡಿದ್ದೇನೆ — ಕಾಫಿ ಕುಡಿದು, ಲೋಟ ತೊಳೆದಿಟ್ಟು, ಸುಮ್ಮನೆ ಎದ್ದು ಬಂದಿದ್ದೇನೆ.

ಅದು ಸಾರಕ್ಕಿ ಕೆರೆಯಲ್ಲಿ ಇನ್ನೂ ಎಮ್ಮೆ ತೊಳೆಯುತ್ತಿದ್ದ ಕಾಲ. ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ನನ್ನ ಮನೆಯಲ್ಲಿ ಮಲಗಿದ್ದಳು. ನನ್ನ ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ನನಗಿದ್ದದ್ದು ಜಯನಗರದ ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಗೋಣಿಚೀಲ ಹಾಸುವಷ್ಟು ಜಾಗ, ಒಂದು ಹೂವಿನ ಬುಟ್ಟಿ. ಆ ಜಾಗಕ್ಕೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ದಿನಾ ಹೋಗಿ ಕೂತರೆ ನನ್ನದು, ಕೂರದಿದ್ದರೆ ಕೂತವಳದು. ಅವ್ವನನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಅವಳ ಬೈಗುಳ ಕೇಳಿ ಹೊರಡುವಷ್ಟರಲ್ಲಿ ಹೂ ಕೊಳ್ಳುವವರೆಲ್ಲ ಪೂಜೆ ಮುಗಿಸಿ ಉಪ್ಪಿಟ್ಟು ತಿಂದಿರುತ್ತಿದ್ದರು.

ಒಂದು ದಿನ ಹೋದರೆ ನನ್ನ ಜಾಗದಲ್ಲಿ ಒಬ್ಬಳು ನಿಂಬೆಹಣ್ಣು ಗುಡ್ಡೆ ಹಾಕಿಕೊಂಡು ಕೂತಿದ್ದಳು.

"ನೀವು ಬಿಟ್ಬಿಟ್ರಿ ಅಂದ್ಕೊಂಡೆ ಅಕ್ಕ," ಅಂದಳು.

ಬೈದು ಎಬ್ಬಿಸಿದೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಆ ಜಾಗ ಹೋದರೆ ನಾನು ಏನು ತಿನ್ನಲಿ?

ನಿನ್ನ ಗಂಡನಿಗೆ ಹೇಳಿದೆ. ನಂಜುಂಡ ನನ್ನ ತಮ್ಮನೇ, ಅವನ ಬುದ್ಧಿ ನನಗೆ ಗೊತ್ತು. "ಅವ್ವಂಗೆ ಮಗಳ ಕೈ ಊಟಾನೇ ಸೇರೋದು ಅಕ್ಕ," ಅಂದ, ಹೊರಟ. ಅವನು ಮನುಷ್ಯರ ಮಾತು ಕೇಳುವವನಲ್ಲ. ದೇವರ ಮಾತು ಮೀರುವವನೂ ಅಲ್ಲ. ಅದಕ್ಕೇ —

ಆಷಾಢದ ಶುಕ್ರವಾರ. ಗುಡಿಯಿಂದ ತಂಬಿಟ್ಟಿನ ಆರತಿ ತಂದು ಅವ್ವನಿಗೆ ತೋರಿಸುತ್ತಿದ್ದೆವು. ಬೀದಿಯಲ್ಲಿ ತಮಟೆ. ನೀನು ಕರ್ಪೂರ ಹುಡುಕುತ್ತಿದ್ದೆ. ನಾನು ತಲೆಗೂದಲು ಬಿಚ್ಚಿ, ಬೇವಿನ ಸೊಪ್ಪು ಬಾಯಿಗೆ ತುರುಕಿಕೊಂಡೆ. ಕಹಿಗೆ ಕಣ್ಣು ತಾನಾಗಿ ಮೇಲೆ ಹೋಯಿತು, ಅದರಲ್ಲಿ ಮೋಸವಿಲ್ಲ. ಕುಣಿಯುವಾಗ ಕಾಲ್ಬೆರಳು ಒರಳುಕಲ್ಲಿಗೆ ಬಡಿದು ಜೀವ ಹೋಯಿತು. ನಾನು ಕಿರುಚಿದ ರಭಸಕ್ಕೆ ನಂಜುಂಡ ಉದ್ದಕ್ಕೆ ಕಾಲಿಗೆ ಬಿದ್ದ.

"ಏನಮ್ಮ ತಾಯಿ, ಏನ್ ತಪ್ಪಾಯ್ತು ನಮ್ಮಿಂದ?"

"ಹೆತ್ತವಳು ಮಗಳ ಮನೇಲಿ ಬಿದ್ದವ್ಳೆ ಕಣೋ. ಮಗ ನೋಡ್ಕೋಬೇಕು. ಇಲ್ದಿದ್ರೆ ನಿನ್ನ ಹೊಸಿಲು ತುಳಿಯಾಕಿಲ್ಲ ನಾನು."

"ಆಯ್ತು ತಾಯಿ, ಕರ್ಕೊಂಡ್ ಹೋಗ್ತೀನಿ. ಹಂಗೇ... ಚಿಕ್ಕಲಸಂದ್ರದಲ್ಲಿ ಒಂದ್ ಸೈಟ್ ನೋಡಿದೀನಿ. ಆಗ್ತದಾ?"

"ಮೊದ್ಲು ಅವ್ವನ್ನ ಎತ್ಕೊಂಡ್ ಹೋಗು. ಸೈಟು ಆಮ್ಯಾಕೆ ನೋಡಾನ."

ಅವನು ಆಟೋ ಕರೆಯಲು ಓಡಿದ. ನಾನು ಬಗ್ಗಿ ಅವ್ವನ ಸೀರೆ ಸರಿಮಾಡುತ್ತಿದ್ದಾಗ ಅವಳು ಮೆಲ್ಲಗೆ ಅಂದಳು: "ನಿಜವಾದ ಮಾರಮ್ಮ ಆಗಿದ್ರೆ ಒಂದು ಕೋಳಿನಾದ್ರೂ ಕೇಳ್ತಿದ್ಲು ಕಣೇ. ನನ್ನ ಮೈಮೇಲೆ ಬಂದಾಗೆಲ್ಲ ಕೇಳಿಲ್ವಾ?"

ಆಗ ಹೊಳೆಯಿತು — ಅಪ್ಪ ಕೂಲಿಯನ್ನೆಲ್ಲ ಕುಡಿದು ಬಂದ ಮಾರನೇ ದಿನವೇ ಅವ್ವನ ಮೈಮೇಲೆ ದೇವರು ಬರುತ್ತಿದ್ದದ್ದು. ಮನೆಯಲ್ಲಿ ಕೋಳಿ ಸಾರಾಗುತ್ತಿದ್ದದ್ದೂ ಆವತ್ತೇ. ನಂಜುಂಡ ಅವ್ವನನ್ನು ಆಟೋ ಹತ್ತಿಸಿ ಕರೆದುಕೊಂಡು ಹೋದ.

ಸೈಟೂ ಆಯಿತು. ಹೇಗಾಯಿತೋ ಆ ಮಾರಮ್ಮನಿಗೇ ಗೊತ್ತು. ಆವತ್ತಿನಿಂದ ಜನ ಮಾರ್ಕೆಟ್ಟಿಗೇ ಬಂದು, ಮಗಳ ಮದುವೆ ಯಾವಾಗ ತಾಯಿ ಎಂದು ನನ್ನನ್ನು ಕೇಳುವವರಾದರು. ಎರಡು ಮೊಳ ಮಲ್ಲಿಗೆ ತೊಗೊಳ್ಳಿ, ಆಗುತ್ತೆ ಅನ್ನುತ್ತಿದ್ದೆ. ವ್ಯಾಪಾರ ಚೆನ್ನಾಗಿತ್ತು ರತ್ನಾ. ಅದನ್ನೂ ಹೇಳಬೇಕು.

ಈಗ ಅಸಲು ಮಾತು. ಮಗ ನೋಡಿಕೊಳ್ಳಬೇಕು ಎಂದರೆ ಏನೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮಗ ಆಟೋದಿಂದ ಎತ್ತಿ ಮಂಚಕ್ಕೆ ಮಲಗಿಸುತ್ತಾನೆ. ಅಲ್ಲಿಂದಾಚೆಗೆಲ್ಲ ಸೊಸೆ. ಮಾರಮ್ಮನಿಗೆ ಇದು ಗೊತ್ತಿರಲಿಲ್ಲ ಎಂದು ಬೇಕಾದರೆ ಹೇಳಬಹುದು. ನನಗೆ ಗೊತ್ತಿತ್ತು. ಗಾರ್ಮೆಂಟ್ಸಿನಲ್ಲಿ ನಿನ್ನನ್ನು ಸೂಪರ್‌ವೈಸರ್ ಮಾಡುತ್ತಾರೆಂದು ನೀನು ಮೊದಲು ಬಂದು ಹೇಳಿದ್ದು ನನಗೇ. ಮೈಸೂರುಪಾಕು ನೀನೇ ತಂದಿದ್ದೆ. ನಾನು ತಿಂದಿದ್ದೆ. ಕುಣಿಯುವಾಗ ಅದರ ನೆನಪಿತ್ತು — ನಿನ್ನ ಮುಖ ಕಾಣಬಾರದೆಂದೇ ಕಣ್ಣು ಬಿಗಿಯಾಗಿ ಮುಚ್ಚಿದ್ದು. ನೀನದನ್ನು ಭಕ್ತಿ ಅಂದುಕೊಂಡೆ.

ನೀನು ಕೆಲಸ ಬಿಟ್ಟೆ. ಅವ್ವ ಬೇಗ ಹೋಗುವ ಹೆಂಗಸಲ್ಲ. ಜೇಪಿ ನಗರದ ಕಡೆ ಫ್ಲೈಓವರ್ ಮುಗಿಯಿತು, ಅವ್ವ ಮುಗಿಯಲಿಲ್ಲ. ನಿನ್ನ ಬೆನ್ನು ಬಗ್ಗಿತು. ಸಿದ್ದಾಪುರದಲ್ಲಿ ನಿನ್ನ ಹೆತ್ತ ತಾಯಿ ಮಲಗಿದಾಗ ನೀನು ಹೋಗಿ ನಾಲ್ಕು ದಿನ ಇರಲಾಗಲಿಲ್ಲ, ಯಾಕೆಂದರೆ ನನ್ನ ತಾಯಿ ನಿನ್ನ ಮನೆಯಲ್ಲಿದ್ದಳು. ನಾನು ಹಬ್ಬಕ್ಕೆ ಹೂ ತಂದುಕೊಟ್ಟು, ಅವ್ವನ ಪಕ್ಕ ಕೂತು ಕಾಫಿ ಕುಡಿದು ಬರುತ್ತಿದ್ದೆ. ನಿಂಬೆಹಣ್ಣಿನವಳನ್ನು ಎಬ್ಬಿಸಿದ ಹಾಗೆಯೇ ನಿನ್ನನ್ನೂ ನಿನ್ನ ಜಾಗದಿಂದ ಎಬ್ಬಿಸಿದ್ದೆ. ಅವಳಾದರೂ ತಿರುಗಿ ಬೈದಿದ್ದಳು.

ಈಗ ಅವ್ವ ಇಲ್ಲ, ನನ್ನ ಮಂಡಿ ಹೋಗಿದೆ. ಹೋದ ವಾರ ನಂಜುಂಡ ಬಂದು, "ನಮ್ಮನೆಗೆ ಬಂದ್ಬಿಡು ಅಕ್ಕ, ನಾನ್ ನೋಡ್ಕೋತೀನಿ," ಅಂದ. ಅದೇ ಮಾತು. ನೀನು ಅವನ ಹಿಂದೆ ಸೊಂಟ ಹಿಡಿದು ನಿಂತಿದ್ದೆ. "ಬನ್ನಿ ಅಕ್ಕ, ಅತ್ತೆ ಮಂಚ ಹಂಗೇ ಇದೆ. ಅಮ್ಮ ಬಂದ ಮೈ ನಿಮ್ದು, ಸೇವೆ ಮಾಡಿದ್ರೆ ನಂಗೂ ಪುಣ್ಯ," ಅಂದೆ.

ಆ ಮಾತಿಗೆ ನನಗೆ ನಿಜವಾಗಿಯೂ ಮೈ ನಡುಗಿತು. ಬೇವಿನ ಸೊಪ್ಪೂ ಬೇಕಾಗಲಿಲ್ಲ.

ಬರುವುದಿಲ್ಲ ರತ್ನಾ. ಈ ಮೈಮೇಲೆ ಯಾರೂ ಬಂದಿಲ್ಲ, ಇದರ ಸೇವೆಯಲ್ಲಿ ಪುಣ್ಯವೂ ಇಲ್ಲ. ನಂಜುಂಡ ನೋಡಿಕೊಳ್ಳುವುದೇ ಆದರೆ ಬೆಳಿಗ್ಗೆ ಅವನೇ ಸಾರಕ್ಕಿಗೆ ಬಂದು ನನಗೆ ನೀರು ಕಾಯಿಸಿ ಹೋಗಲಿ. ಇದನ್ನು ಕಣ್ಣು ಬಿಟ್ಟುಕೊಂಡೇ ಹೇಳುತ್ತಿದ್ದೇನೆ. ಅವನು ನಂಬದಿದ್ದರೆ ಅವನನ್ನೇ ಕೇಳು — ಆವತ್ತು ಮಾರಮ್ಮ ಕೋಳಿ ಕೇಳಿದ್ದಳಾ ಅಂತ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀಯ, ಅದೂ ನಿನ್ನ ತಲೆ ಮೇಲೆ ಇನ್ನೊಂದು ಕೆಲಸ. ಆ ಮಂಚ ಮಾತ್ರ ಬಿಚ್ಚಿಸಿ ಅಟ್ಟಕ್ಕೆ ಹಾಕಿಸು. ನೀನು ಎತ್ತಬೇಡ. ನಂಜುಂಡನ ಕೈಯಲ್ಲಿ ಎತ್ತಿಸು.