ಹಿತ್ತಲಿನ ಮಹಜರು

ಸತ್ಯ ಎಂದಾದರೊಂದು ದಿನ ಹೊರಬಂದೇ ಬರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರ ಪಕ್ಕದ ಮನೆಯಲ್ಲಿ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್ ಇದ್ದಂತಿಲ್ಲ. ನಮ್ಮ ಪಕ್ಕದಲ್ಲಿದ್ದರು. ಯಾರನ್ನು ನೋಡಿದರೂ ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, ಗಡಿಕಲ್ಲು ಸರಿದಿದೆಯೇ ಎಂದು ಪರೀಕ್ಷಿಸುವಂತೆ ನೋಡುತ್ತಿದ್ದರು. ಶಿಕಾರಿಪುರದಲ್ಲಿ ನೌಕರಿ ಮುಗಿಸಿ ಸೊರಬಕ್ಕೆ ಬಂದು ಕೋಳಿ ಸಾಕಿದ್ದರು. ಹಾಲಿನವಳು ಒಂದು ದಿನ ಬೇಗ ಬಂದರೂ "ಯಾಕೆ?" ಎನ್ನುವರು.

ಒಮ್ಮೆ ಅವರ ನಾಲ್ಕು ಕೋಳಿಮರಿ ಕಾಣೆಯಾದವು. ಸಾಹೇಬರು ಬಿಳಿ ಹಾಳೆ ಹಿಡಿದು ಬೇಲಿಗೆ ಬಂದರು.

"ನಿಮ್ಮ ಬೆಕ್ಕು ನಿನ್ನೆ ಮಧ್ಯಾಹ್ನ ಎಲ್ಲಿತ್ರೀ, ಮೇಷ್ಟ್ರೇ?"

"ಮಲಗಿತ್ತು."

"ಸಾಕ್ಷಿ?"

ಸ್ಥಳ ಮಹಜರು ಆಗಲೇ ಸಿದ್ಧವಿತ್ತು. ಚಕ್ಕುಬಂದಿ: ಪೂರ್ವಕ್ಕೆ ನಮ್ಮ ಬೇಲಿ, ಪಶ್ಚಿಮಕ್ಕೆ ಬಾವಿ, ಉತ್ತರಕ್ಕೆ ಬಟ್ಟೆ ಒಗೆಯುವ ಕಲ್ಲು, ದಕ್ಷಿಣಕ್ಕೆ ಹಲಸಿನ ಮರ. ಭಾನುವಾರದೊಳಗೆ ಬೆಕ್ಕನ್ನು ಚೀಲದಲ್ಲಿ ಹಾಕಿ ಜಡೆ ಗ್ರಾಮದಲ್ಲಿ ಬಿಟ್ಟುಬರತಕ್ಕದ್ದು.

"ಬೆಕ್ಕು ಹೋದ್ರೆ ಅದೇ ಬಸ್ಸಿಗೆ ನಾನೂ ಹತ್ತೋದೇ," ಎಂದಳು ನನ್ನ ಹೆಂಡತಿ.

ನನಗೋ ಸಾಹೇಬರ ಅಡುಗೆಮನೆಯ ಮೇಲೇ ಗುಮಾನಿ. ಆದರೂ ಹಲಸಿನ ಮರದಲ್ಲಿದ್ದ ಎರಡು ಗಿಡುಗದ ಮರಿಗಳನ್ನು ತೋರಿಸಿದೆ.

"ಅವು ಮೈನರ್ ರೀ! ಎಲೆ ಹಿಡಿಯಾಕೂ ಬರಂಗಿಲ್ಲ."

ಮೂರು ದಿನ ಬೆಳಗ್ಗೆ ಇಬ್ಬರೂ ಅವರ ಹಿತ್ತಲಲ್ಲಿ ಕುರ್ಚಿ ಹಾಕಿ ಕಾವಲು ಕೂತೆವು. ಎಲೆಯೊಂದನ್ನು ಬಿಟ್ಟರೆ ಮಾತು ನಿಜವೇ. ಒಂದು ಮರಿ ಒಣಗಿದ ಹಲಸಿನೆಲೆಯ ಮೇಲೆ ಎರಗಿ, ಪುಕ್ಕ ಕೀಳುವಂತೆ ಅದನ್ನು ಚೂರುಚೂರು ಮಾಡಿತು. ಇನ್ನೊಂದು ಓತಿಕ್ಯಾತಕ್ಕೆ ಹಾರಿ, ಒಣಹಾಕಿದ್ದ ಲುಂಗಿಗೆ ಸಿಕ್ಕಿಕೊಂಡಿತು. ತಾಯಿ ಮೇಲಿಂದ ಸತ್ತ ಇಲಿ ಬೀಳಿಸಿದರೆ ಎರಡೂ ಹಿಡಿಯದೆ ನೋಡುತ್ತ ಕೂತವು.

"ಇವನ್ನ ಎಲ್ಲಿಂದಾರ ನೀವೇ ತಂದು ಬಿಟ್ರೇನು?" ಎಂದು ಸಾಹೇಬರು ಎಡಗಣ್ಣು ಮುಚ್ಚಿದರು.

ಶನಿವಾರ ಬೆಳಗ್ಗೆ, ಎಲೆ ಹರಿದಿದ್ದ ಮರಿ ಮತ್ತೆ ಇಳಿಯಿತು. ಸಾಹೇಬರ ಕಾಲಿನಿಂದ ಮಾರು ದೂರದಲ್ಲಿ ಕೋಳಿಮರಿಯೊಂದನ್ನು ಎತ್ತಿಕೊಂಡು ಹೋಯಿತು.

"ಹಿಡೀತು!" ಸಾಹೇಬರು ಎದ್ದು ನಿಂತಿದ್ದರು. ಮೂರನೇ ಯತ್ನದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮಗನ ಅಪ್ಪನ ದನಿ. ಹೋದದ್ದು ತಮ್ಮದೇ ಕೋಳಿಮರಿ ಎಂಬುದು ಆಮೇಲೆ ನೆನಪಾಗಿ, ಕೆಮ್ಮಿ ಕುಳಿತು, ಹೊಸ ಮಹಜರು ಬರೆದು ನನ್ನತ್ತ ಚಾಚಿದರು.

"ಪಂಚರು ನೀವೇ. ರುಜು ಹಾಕ್ರೀ."

"ಬೆಕ್ಕು ನನ್ನದು ಸಾಹೇಬ್ರೇ, ನನ್ನ ಸಾಕ್ಷಿ ನಡೆಯುತ್ತಾ?"

"ಈ ಊರಾಗೆ ಒಬ್ಬರಿಗೊಬ್ಬರು ಸಂಬಂಧ ಇಲ್ಲದೋರು ಯಾರದಾರ್ರೀ?"

ರುಜು ಹಾಕಿದ ಮೇಲೆ ಓದಿದೆ. ಐದನೆಯ ಮರಿಯ ಮಟ್ಟಿಗೆ ಬೆಕ್ಕು ನಿರಪರಾಧಿ. ಮೊದಲ ನಾಲ್ಕರ ವಿಚಾರಣೆ ಬಾಕಿ. ಅಲ್ಲಿಯವರೆಗೆ ಜಡೆಗೆ ಕಳಿಸುವುದನ್ನು ತಡೆಹಿಡಿದಿದೆ.

ಸಾಹೇಬರು ಕಳೆದ ಮಾಘದಲ್ಲಿ ತೀರಿಕೊಂಡರು. ವಿಚಾರಣೆ ಮುಗಿಯಲಿಲ್ಲ. ಬೆಕ್ಕು ನಮ್ಮಲ್ಲೇ ಇದೆ.