ಪೆಟ್ಟಿಗೆ ಮೇಷ್ಟ್ರು

ಕಾಲೇಜಿನ ಓದುವ ಕೋಣೆಯ ಅಟೆಂಡರಿಗೆ ಹುಡುಗರು ಇಟ್ಟ ಹೆಸರು ಪೆಟ್ಟಿಗೆ ಮೇಷ್ಟ್ರು. ಅವರು ಒಂದು ದಿನವೂ ಪಾಠ ಹೇಳಿದವರಲ್ಲ. ಬಾಗಿಲಲ್ಲಿ ಕೂತು ಎಲ್ಲರ ಮೊಬೈಲು ಇಸಿದುಕೊಂಡು ಮರದ ಪೆಟ್ಟಿಗೆಗೆ ಹಾಕಿ, ಬದಲಿಗೆ ಒಂದು ಚೀಟಿ ಕೊಡುತ್ತಿದ್ದರು. ಇವತ್ತು ಮಾಡುವ ಒಂದೇ ಒಂದು ಕೆಲಸವನ್ನು ಅದರಲ್ಲಿ ಬರೆದ ಮೇಲೆಯೇ ಒಳಗೆ ಪ್ರವೇಶ. ಯಾರಾದರೂ ಪೆನ್ನು ಕಚ್ಚುತ್ತ ನಿಂತರೆ ರೇಗುತ್ತಿದ್ದರು: "ಯೋಚ್ನೆ ಮಾಡಿದ್ದು ಸಾಕು ಕಣಪ್ಪಾ, ಬರಿ!"

ಮೊಬೈಲಿನಿಂದ ತಲೆ ಎತ್ತದೆ ಎರಡು ಸಲ ಫೇಲಾಗಿದ್ದ ಹುಡುಗಿಯೊಬ್ಬಳು ಒಂದು ದಿನ 'ಹತ್ತು ಲೆಕ್ಕ' ಎಂದು ಬರೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯಲ್ಲಿ ಅವಳ ಮೊಬೈಲು ಗುಂಯ್‌ಗುಟ್ಟಿತು. ಅದರ ಮೇಲೆ 'ಅಮ್ಮ' ಎಂದಿತ್ತು. ಮೇಷ್ಟ್ರು ಗಾಜಿನಾಚೆ ನೋಡಿದರು. ಹುಡುಗಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ಕರೆಯಲೋ ಬೇಡವೋ? ಇವತ್ತು ತಾನೇ ಮನಸ್ಸಿಟ್ಟು ಕೂತಿದ್ದಾಳೆ, ಎಬ್ಬಿಸಿದರೆ ಕೆಟ್ಟಿತು. ಆದರೂ ತಾಯಿಯಲ್ಲವೇ? ಮೇಷ್ಟ್ರು ಯೋಚಿಸುತ್ತಲೇ ಇದ್ದರು. ಐದು ಸಲ ಬಡಿದುಕೊಂಡು ಮೊಬೈಲು ಸುಮ್ಮನಾಯಿತು.

ಹುಡುಗಿ ಹತ್ತೂ ಲೆಕ್ಕ ಮುಗಿಸಿ ನಗುತ್ತ ಹೊರಬಂದಳು. ಮನೆಯಲ್ಲಿ ಒಬ್ಬರೇ ಇದ್ದ ಅಮ್ಮನಿಗೆ ಎದೆನೋವು ಬಂದಿತ್ತು. ಮಗಳು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಮೇಷ್ಟ್ರು ಎದ್ದು ನಿಂತು ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟರು. "ಮೊಬೈಲು ನಿನ್ನತ್ರಾನೇ ಇರ್ಲಿ ಮಗಳೇ," ಎಂದರು.

ಅವಳು ತಾನೇ ಮುಚ್ಚಳ ತೆಗೆದು ಮೊಬೈಲು ಒಳಗಿಟ್ಟು, ಚೀಟಿಗೆ ಕೈ ಚಾಚಿದಳು.

"ಇಟ್ಕೊಳ್ಳಿ ಸಾರ್. ಇನ್ಮೇಲೆ ಯಾರೂ ಫೋನ್ ಮಾಡಲ್ಲ."