ಅಕ್ಕನ ಗುಬ್ಬಿ, ನನ್ನ ಮರಾಠಿ

ಮಹಾರಾಷ್ಟ್ರದ ಇಚಲಕರಂಜಿ ಪಕ್ಕದ ಕಬನೂರಿಗೆ ಬಂದ ಮೊದಲ ಬೆಳಿಗ್ಗೆ ಎದ್ದು ನೋಡಿದರೆ, ಅಡುಗೆ ಕಟ್ಟೆಯ ನಡುವೆ ಇಟ್ಟಿದ್ದ ಚಹಾದ ಕಪ್ಪು ತಾನೇ ನಡೆದು ಅಂಚಿಗೆ ಬಂದು ನಿಂತಿತ್ತು. ಎತ್ತಿ ಒಳಗಿಟ್ಟೆ. ಒಲೆ ಹಚ್ಚಿ ತಿರುಗುವಷ್ಟರಲ್ಲಿ ಮತ್ತೆ ಹೊರಟಿತ್ತು. ಅಯ್ಯೋ ಶಿವನೇ, ಎಂಥಾ ಮನೆ ಹಿಡಿದರಪ್ಪಾ ಇವರು ಎಂದು ಹೆದರಿ ಗಂಡನನ್ನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಗೋಡೆಯಾಚೆ ಇಪ್ಪತ್ನಾಲ್ಕು ಪಾವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು.

ಬನಹಟ್ಟಿಯ ನಮ್ಮ ಮನೆಯಲ್ಲೂ ಮಗ್ಗವಿತ್ತು. ಆದರೆ ಅದು ಕೈಮಗ್ಗ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮಾತಿಗೆ ಜಾಗವಿರುತ್ತಿತ್ತು. ಅಕ್ಕ ನೇಯುತ್ತಲೇ ನನಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದಳು. ಇಚಲಕರಂಜಿಯ ಮಗ್ಗಗಳು ಆ ಜಾಗ ಬಿಡುವುದಿಲ್ಲ. ಇಲ್ಲಿಯವರು ಮಾತಿನ ಅರ್ಧವನ್ನು ಕೈಯಲ್ಲೇ ಆಡುತ್ತಾರೆ. ಉಳಿದರ್ಧ ಮರಾಠಿ.

ಊಟ ಬೇರೆ ಅನಿಸಲಿಲ್ಲ. ನಮ್ಮ ರೊಟ್ಟಿ ಇಲ್ಲಿ ಭಾಕರಿ, ನಮ್ಮ ಜುಣಕ ಇಲ್ಲಿ ಝುಣಕಾ, ಖಾರ ಒಂದು ಚಮಚ ಜಾಸ್ತಿ. ಪರದೇಶವಾದದ್ದು ಕಿವಿಗೆ. ಗಂಡ ಜಾಬರ್, ಅಂದರೆ ಕೆಟ್ಟ ಮಗ್ಗ ದುರಸ್ತಿ ಮಾಡುವವರು. ಅವರಿಗೆ ಆರು ತಿಂಗಳಲ್ಲಿ ಮರಾಠಿ ಬಂತು. ನನಗೆ ಬರಲಿಲ್ಲ. ಓಣಿಯ ಹೆಂಗಸರು ನನ್ನನ್ನು 'ಕಾನಡೀ ಬಾಈ' ಎಂದು ಕರೆದರು. ಕನ್ನಡದ ಹೆಂಗಸು ಎಂದರ್ಥ. ಬೈಗುಳವೇನಲ್ಲ, ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೂ ಎಷ್ಟು ವರ್ಷ ಅಂತ ಹೆಸರಿಲ್ಲದೆ ಇರುವುದು ಹೇಳಿ.

ಮೆಂಡಿಂಗ್ ಕೆಲಸಕ್ಕೆ ಸೇರಿಕೊಂಡೆ. ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಗಂಟು, ಹೆಚ್ಚಿನ ಎಳೆ ಹುಡುಕಿ ಚಿಮಟದಿಂದ ಕೀಳುವುದು. ಕಣ್ಣಿಗೆ ಕೆಲಸ, ಕೈಗೆ ಕೆಲಸ, ಕಿವಿ ಮಾತ್ರ ಖಾಲಿ. ಸದ್ದು ತಡೆಯಲೆಂದು ಗಂಡನ ಹಳೆಯ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಸುಮ್ಮನೆ ಯಾಕೆಂದು ಮೊಬೈಲಿನಲ್ಲಿ ಸಿಕ್ಕ ಮರಾಠಿ ಪಾಡ್‌ಕಾಸ್ಟ್ ಹಚ್ಚಿದೆ. ಒಂದರಲ್ಲಿ 'ನಾತೀ', ಅಂದರೆ ಸಂಬಂಧಗಳ ಮಾತು. ಇನ್ನೊಂದರಲ್ಲಿ 'ಆಠವಣೀ', ಅಂದರೆ ನೆನಪುಗಳು. ಚಿತ್ರಕಲೆಯದೂ ಒಂದಿತ್ತು, ಕಾಣದ ಚಿತ್ರವನ್ನು ಕಿವಿಯಿಂದ ನೋಡುವುದು ಎಂಥ ಚೋದ್ಯ! ಮೊದಲ ತಿಂಗಳು ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದೊಂದೇ ಪದ ಕೈಗೆ ಹತ್ತಿತು. ಮನೆಯೊಡತಿ ಕಾಕೂ ಹೇಳಿದ ಜೋಕಿಗೆ ಎಲ್ಲರ ಜೊತೆಗೇ ನಕ್ಕ ದಿನ, ಗಂಡನಿಗೆ ಶಿರಾ ಮಾಡಿ ಹಾಕಿದೆ.

ನನಗೆ ಭಾಳ ಹಿಡಿಸಿದ್ದು ಒಬ್ಬ 'ತಾಈ' ನಡೆಸುವ ಪಾಡ್‌ಕಾಸ್ಟ್. ತಾಈ ಎಂದರೆ ಮರಾಠಿಯಲ್ಲಿ ಅಕ್ಕ. ಬೆಳೆಯಬೇಕು, ಮನಸ್ಸು ಬಿಚ್ಚಬೇಕು, ತನ್ನನ್ನು ತಾನು ಕಾಣಬೇಕು ಎಂದು ಮೆಲ್ಲಗೆ ಹೇಳುತ್ತಿದ್ದಳು. ಒಮ್ಮೆ ಕೇಳುಗರನ್ನು ಕೇಳಿದಳು: ನಿಮ್ಮ ಕಲೆ ಯಾವುದು? ಅದರ ನೆನಪೊಂದನ್ನು ನಿಮ್ಮ ದನಿಯಲ್ಲೇ ಕಳಿಸಿ.

ನನ್ನಲ್ಲಿ ಯಾವ ಕಲೆ? ರಂಗೋಲಿಯ ಗೆರೆಯೂ ಸೊಟ್ಟ. ಕಲೆ ಇದ್ದದ್ದು ಅಕ್ಕನಲ್ಲಿ. ಸೀರೆಯ ಅಂಚಿಗೆ ಚೌಕಳಿ ಹಾಳೆಯ ಮೇಲೆ ನಕ್ಷೆ ಬಿಡಿಸುತ್ತಿದ್ದಳು. ಅವಳದೊಂದು ಗುಬ್ಬಿ ಅಂಚು ಇತ್ತು. ಸಾಲಾಗಿ ಹೊರಟ ಗುಬ್ಬಿಗಳು, ನಡುವೆ ಒಂದೇ ಒಂದು ಗುಬ್ಬಿ ಹಿಂದಿರುಗಿ ನೋಡುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ, "ಎಲ್ಲಾರೂ ಮುಂದ ಹೋದ್ರ ಹಿಂದ ಉಳದಾರನ್ನ ಯಾರ ನೋಡಬೇಕ?" ಎಂದಿದ್ದಳು. ಆ ಸೀರೆ ಭಾಳ ಓಡಿತು. ಬಿಡಿಸಿದವಳ ಹೆಸರು ಯಾರಿಗೂ ಬೇಕಾಗಲಿಲ್ಲ. ಆಮೇಲೆ ಸಂಸಾರದ ಗದ್ದಲದಲ್ಲಿ ಪೆನ್ಸಿಲ್ಲೂ ಬಿಟ್ಟಳು.

ಮೊದಲ ಸಲ ರೆಕಾರ್ಡ್ ಮಾಡಿದಾಗ ಖರೇ ಇದ್ದದ್ದನ್ನೇ ಹೇಳಿದೆ: ನನ್ನ ಅಕ್ಕ ಗುಬ್ಬಿ ಬಿಡಿಸುತ್ತಿದ್ದಳು. ತಿರುಗಿ ಕೇಳಿದೆ. ಅದರಲ್ಲಿ ನಾನೇ ಇರಲಿಲ್ಲ. ಇನ್ನೊಬ್ಬರ ಹಿಂದೆ ಅಡಗಬೇಡಿ, ನಿಮ್ಮ ಕಥೆ ಹೇಳಿ ಎಂದು ತಾಈ ಹೇಳಿದ್ದು ತಲೆಯಲ್ಲಿತ್ತು. ಅಳಿಸಿದೆ. ಎರಡನೆಯ ಸಲ ಹೇಳಿದೆ: 'ಮೀ ಚಿಮಣ್ಯಾ ಕಾಢಲ್ಯಾ.' ನಾನು ಗುಬ್ಬಿ ಬಿಡಿಸಿದೆ. ನಾಚಿಕೆಯಾಗಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹಗುರವೆನಿಸಿತು. ಕನ್ನಡದಲ್ಲಾಗಿದ್ದರೆ ನಾಲಿಗೆ ತಡೆಯುತ್ತಿತ್ತು. ಮರಾಠಿಯಲ್ಲಿ ನಾನು ಯಾರೆಂದು ಯಾರಿಗೆ ಗೊತ್ತು?

ತಾಈ ಅದನ್ನು ಪಾಡ್‌ಕಾಸ್ಟಿನಲ್ಲಿ ಹಾಕಿದಳು. ಹಿಂದೆ ನೋಡುವ ಗುಬ್ಬಿಯ ಬಗ್ಗೆ ಕಣ್ಣು ತುಂಬಿ ಮಾತಾಡಿದಳು. ಮರುದಿನ ಕಾಕೂ ಬಂದು ನನ್ನ ಗಲ್ಲ ಹಿಂಡಿದರು. "ಕಾಯ ಗಂ, ಇತಕೇ ದಿವಸ ಲಪವೂನ ಠೇವಲಂಸ!" ಇಷ್ಟು ದಿನ ಮುಚ್ಚಿಟ್ಟಿದ್ದೆಯಲ್ಲೇ, ಎಂದು. ಅಂದಿನಿಂದ ಓಣಿಯಲ್ಲಿ ನಾನು ಕಾನಡೀ ಬಾಈ ಅಲ್ಲ, 'ಚಿಮಣೀವಾಲೀ', ಗುಬ್ಬಿಯವಳು. ಮಕ್ಕಳ ಶಾಲೆಯ ಚಿತ್ರ, ಬಾಗಿಲ ರಂಗೋಲಿ, ಎಲ್ಲಕ್ಕೂ ನನ್ನನ್ನೇ ಕರೆದರು. ಕೈನೋವು ಎಂದು ಹೇಳಿ ತಪ್ಪಿಸಿಕೊಂಡೆ. ಕದ್ದದ್ದನ್ನು ಬಳಸಲೂ ಬರದ ಕಳ್ಳಿ ನಾನು.

ಗಂಡ ಖುಷಿಯಲ್ಲಿ ಅದನ್ನು ಬಂಧುಗಳಿಗೆಲ್ಲ ಕಳಿಸಿಬಿಟ್ಟಿದ್ದರು. ಹೆಂಡತಿಯ ದನಿ ಬಂದದ್ದೇ ಅವರಿಗೆ ಹಬ್ಬ, ಪೂರ್ತಿ ಕೇಳಿರಲಿಲ್ಲ. ಅಕ್ಕನಿಗೆ ಮರಾಠಿ ಬಾರದು, ಸರಿ. ಆದರೆ ಅಕ್ಕನ ಸೊಸೆ ಅಶ್ವಿನಿ ಗಡಿಯ ಗಡಹಿಂಗ್ಲಜದ ಹುಡುಗಿ. ಅವಳಿಗೆ ಎರಡೂ ಮಾತು ಉಸಿರಾಡಿದಷ್ಟು ಸಲೀಸು.

ಅದಾಗಿ ಎರಡು ತಿಂಗಳಿಗೆ ಅಶ್ವಿನಿಯ ಕುಬಸ ಗಡಹಿಂಗ್ಲಜದ ತವರಿನಲ್ಲಿ ನಡೆಯಿತು. ಬಸುರಿಗೆ ಉಡಿ ತುಂಬುವ ಕಾರ್ಯ. ಅಕ್ಕ ಬನಹಟ್ಟಿಯಿಂದ ಬಂದಳು, ನಾನು ಈ ಕಡೆಯಿಂದ. ಎಸ್‌ಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕ ಬೈಯುವ ಮಾತುಗಳನ್ನು ನಾನೇ ಜೋಡಿಸಿಕೊಳ್ಳುತ್ತಾ ಕೂತಿದ್ದೆ. ಒಳಗೆ ಕಾಲಿಟ್ಟೊಡನೆ ಅಕ್ಕ ಎದ್ದು ಬಂದು ಎಲ್ಲರ ಮುಂದೆ ನನ್ನ ಕೈ ಹಿಡಿದಳು.

"ನೋಡ್ರೀ, ಇವಳ ನನ್ನ ತಂಗಿ. ನನ್ನ ಗುಬ್ಬಿ ಸುದ್ದಿ ಇಡೀ ಮಹಾರಾಷ್ಟ್ರಕ್ಕ ಹೇಳ್ಯಾಳ."

ಅಶ್ವಿನಿ ಹಸಿರು ಬಳೆಗಳ ಕೈಯಿಂದ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

"ಮೌಶೀ, ನಮ್ಮ ಅತ್ತಿಯವರಿಗೆ ನಾ ಖರೇ ಹೇಳಿಲ್ರಿ. ನಿಮ್ಮ ದನಿ ಕೇಳಿ, ಏನ ಅಂದಾಳ, ಏನ ಅಂದಾಳ ಅಂತ ಕೇಳಾಕತ್ತಿದ್ರು. ನೀವು 'ನಾನು' ಅಂದಲ್ಲೆಲ್ಲಾ ನಾ ಕನ್ನಡದಾಗ 'ನಮ್ಮ ಅಕ್ಕ' ಅಂತ, ಅವರ ಹೆಸರ ಸೇರಿಸಿ ಹೇಳಿಬಿಟ್ಟೆ."

"ಯಾಕವ್ವಾ ಹಂಗ ಮಾಡಿದಿ?"

"ನೀವ್ಯಾಕ ಹಂಗ ಮಾಡಿದ್ರಿ?" ಎಂದಳು. ಮತ್ತೆ ತಾನೇ ಮೆತ್ತಗಾದಳು. "ಹೋಗ್ಲಿ ಬಿಡ್ರಿ. ಅತ್ತಿ ಮತ್ತ ಪೆನ್ಸಿಲ್ ಹಿಡದಾರ. ಈಗ ಹೇಳಿ ಅದನ್ನ ಹಾಳ ಮಾಡಬ್ಯಾಡ್ರಿ."

ಆ ಮಾತು ನನಗೆ ಅನುಕೂಲವಾಗಿಯೇ ಬಂತು. ಅಕ್ಕನ ಖುಷಿಗಾಗಿ ಸುಮ್ಮನಿದ್ದೇನೆ ಎಂದುಕೊಂಡು ಹೋಳಿಗೆ ತಿಂದೆ. ಅದೂ ಸುಳ್ಳೇ. ಹೆದರಿಕೆಯಿಂದ ಸುಮ್ಮನಿದ್ದೆ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅಕ್ಕ ಬಂದಳು. ನನ್ನ ಬಸ್ಸು ಹೊರಡುವ ಹೊತ್ತಿಗೆ ಸೆರಗಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಕೊಟ್ಟಳು. ಚೌಕಳಿ ಹಾಳೆ. ಗುಬ್ಬಿಗಳ ಸಾಲು, ಹಿಂದಿರುಗಿ ನೋಡುವ ಅದೇ ಒಂದು. ಕೆಳಗೆ ಮೂಲೆಯಲ್ಲಿ, ನಾಲ್ಕನೇ ಇಯತ್ತೆಯ ದುಂಡಕ್ಷರದಲ್ಲಿ, ಅವಳ ಹೆಸರು.

"ಇಷ್ಟ ವರ್ಷ ಒಂದಕ್ಕೂ ಹೆಸರ ಹಾಕಿದ್ದಿಲ್ಲ. ನೀ ಅಷ್ಟ ಮಂದಿ ಮುಂದ ನನ್ನ ಹೆಸರ ಹೇಳಿದಿ ಅಂತ ಹಾಕೀನಿ. ಛೊಲೋ ಕಾಣತೈತೇನ?"

"ಭಾಳ ಛೊಲೋ ಕಾಣತೈತಿ, ಅಕ್ಕಾ," ಎಂದೆ. ಕಂಡಕ್ಟರ್ ಗಂಟೆ ಎಳೆದ.

ನಾಲ್ಕನೇ ಇಯತ್ತೆಗೇ ಅಕ್ಕ ಶಾಲೆ ಬಿಟ್ಟು ಮಗ್ಗಕ್ಕೆ ಕೂತದ್ದು ನಾನು ಹತ್ತರವರೆಗೆ ಓದಲಿ ಎಂದು. ಅವಳ ಶಾಲೆ ತಿಂದಿದ್ದೆ, ಗುಬ್ಬಿಯನ್ನೂ ತಿಂದೆ. ಊರಿಗೆ ಬಂದವಳೇ ತಾಈಗೆ ಮತ್ತೊಂದು ದನಿ ಸಂದೇಶ ಕಳಿಸಿ ಇದ್ದದ್ದನ್ನು ಒಪ್ಪಿಕೊಂಡೆ. ಅವಳಿಂದ ಕೈಮುಗಿದ ಚಿತ್ರವೊಂದು ಬಂತು, ಅಷ್ಟೇ. ಹೊಸ ಕಂತಿನಲ್ಲಿ ಬೇರೆ ಯಾರದೋ ನೆನಪು. ಕಾಕೂಗೆ ಹೇಳಿದೆ. ಅವರು ಅರ್ಧ ದಿನ ಮಾತು ಬಿಟ್ಟು, ಸಂಜೆ ಚಹಾ ತಂದುಕೊಟ್ಟು, ಮತ್ತೆ 'ಕಾನಡೀ ಬಾಈ' ಎಂದರು. ವಿಚಿತ್ರವೆಂದರೆ, ಅದನ್ನು ಕೇಳಿ ಹಾಯೆನಿಸಿತು. 'ಊರಿಗೆ ಬಂದವಳೇ' ಎಂದು ಈಗಷ್ಟೇ ಬರೆದೆನಲ್ಲ, ಆ ಊರು ಕಬನೂರು. ಕೈ ತಾನೇ ಬರೆಯಿತು. ನನ್ನ ಊರು ಇದೇ ಆಗಿಬಿಟ್ಟಿದೆ. ಆದರೆ ತಪ್ಪು ಒಪ್ಪಿಕೊಳ್ಳಬೇಕಾದ ಊರು ಬನಹಟ್ಟಿ, ಒಪ್ಪಿಕೊಳ್ಳಬೇಕಾದ ಮಾತು ಕನ್ನಡ. ಮರಾಠಿಯಲ್ಲಿ ಎಷ್ಟು ಸಲ ಹೇಳಿದರೂ ಅದು ಅಕ್ಕನಿಗೆ ಮುಟ್ಟುವುದಿಲ್ಲ.

ಅದಕ್ಕೇ ಇದನ್ನು ಬರೆದೆ. ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಅಂಚೆಯಲ್ಲಿ ಬನಹಟ್ಟಿಗೆ ಕಳಿಸುತ್ತೇನೆ. ನಿನ್ನ ಹೆಸರನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ, ಅಕ್ಕಾ. ಹಾಳೆಯ ಮೇಲೆ ಬರೆದ ಹೆಸರನ್ನು ಮಾತ್ರ ಅಳಿಸಬೇಡ. ಅಶ್ವಿನಿಯನ್ನು ಬೈಯಬೇಡ, ಅವಳು ನಿನ್ನ ಮೇಲಿನ ಮಾಯೆಗೆ ಹಾಗೆ ಹೇಳಿದಳು. ಇದನ್ನು ಅವಳ ಕೈಲಿ ಓದಿಸಬೇಡ. ಚಾಳೀಸು ಹಾಕಿಕೊಂಡು ನೀನೇ ಓದು.